ಒಂಟಿ ಲಘು

ಫಾದರ್ ಬೊನಿಫಾಸರಿಗೆ ಲ್ಯಾಟಿನ್ ಬರುತ್ತದೆ, ಕನ್ನಡಕ ಸಿಕ್ಕರೆ.
ಸಿಕ್ಕಿತು, ಮೇಜಿನ ಮೇಲೆ, ಕಿತ್ತಳೆ ಸಿಪ್ಪೆಯ ಅಡಿ.
ವಿರಾಜಪೇಟೆ ಇಗರ್ಜಿಯ ಹಿಂದಿನ ಕೋಣೆ,
ಕಬ್ಬಿಣದ ಬೀರು, ಜ್ಞಾನಸ್ನಾನದ ಹಳೇ ದಫ್ತರು,
ಎಲ್ಲಕ್ಕಿಂತ ಕೆಳಗೆ ಈ ಪುಸ್ತಕ:
ಹಂಫ್ರಿ ಟ್ರೆಗಾರ್, ಅಮ್ಮತ್ತಿ ಕಡೆಯ ತೋಟ.
ರೈಟರ್ ಆಗಿದ್ದ ಲೋಬೊ ಒಬ್ಬರು ತಂದಿಟ್ಟದ್ದಂತೆ.

"ಕೊನೇ ಹಾಳೆಯಲ್ಲಿ ನಿಮ್ಮ ಅಕ್ಷರ ಇದೆ ಟೀಚರ್,
ಅದಕ್ಕೇ ಕರೆದೆ."

ನಮ್ಮ ಅಕ್ಷರ!
ನನ್ನ ಅವ್ವನ ಮಾತು ಕೊಡವ ತಕ್ಕ್,
ಅಕ್ಷರ ಪಕ್ಕದ ಮನೆಯಿಂದ ಕಡ ತಂದದ್ದು.
ಕೊಟ್ಟವರು ಬಡ್ಡಿ ಕೇಳಲಿಲ್ಲ. ನಾವು ವಾಪಸ್ಸೂ ಕೊಡಲಿಲ್ಲ.

ಎಡಪುಟ ಇಂಗ್ಲಿಷು. ದಿನಕ್ಕೊಂದು ಸಾಲು.
ಮಾರ್ಚ್ ಹನ್ನೆರಡು, ಮಳೆ ಎಂಬತ್ತು ಸೆಂಟು.
ಪಲ್ಪರ್ ಕೆಟ್ಟಿದೆ. ಆನೆ ಬಂದಿತ್ತು, ಬಾಳೆ ಹೋಯಿತು.
ಊರಲ್ಲಿದ್ದಾಗ ಕವಿ ಎನಿಸಿಕೊಂಡಿದ್ದವನಂತೆ,
ತಾಯ್ನುಡಿಯಲ್ಲಿ ಎರಡು ತೆಳು ಪುಸ್ತಕ;
ಘಾಟಿ ಹತ್ತಿದ ಮೇಲೆ ಆ ನುಡಿಗೆ ಉಳಿದದ್ದು
ಇಂಚು, ಸೆಂಟು, ಕೂಲಿಯ ಆಣೆ.

ಬಲಪುಟ ಲ್ಯಾಟಿನ್ನು.
ಪ್ರತಿ ಸಾಲಿನ ನೆತ್ತಿಗೆ ಪೆನ್ಸಿಲ್ಲಿನ ಗುರುತು:
ಗೀಟು, ಬಟ್ಟಲು, ಬಟ್ಟಲು.
ಒಂದು ಪದದ ಅರ್ಥವೂ ಗೊತ್ತಿಲ್ಲ ನನಗೆ,
ಆದರೆ ಇದು ಗುರು ಲಘು ಲಘು,
ಒಂಬತ್ತನೇ ಕ್ಲಾಸಿನ ಕರಿಹಲಗೆಯಲ್ಲಿ
ನಾನೇ ಹಾಕಿ ನಾನೇ ಒರೆಸುವ ಪ್ರಸ್ತಾರ!
"ಫ್ಲೂಮಿನ," ಎಂದರು ಫಾದರ್, "ನದಿಗಳು."
ಭಗಣ, ಎಂದೆ.
"ನೋಮಿನ, ಹೆಸರುಗಳು."
ಭಗಣ.
ಮುದುಕ ಓದುತ್ತಾ ಹೋದರು,
ನನ್ನ ಬೆರಳು ಮೇಜಿನ ಮೇಲೆ, ಸಿಪ್ಪೆಗಳ ನಡುವೆ, ತಾನಾಗಿ ನಡೆಯಿತು.

ಅರ್ಥ ಹಿಂದಿನಿಂದ ಬಂತು, ನಿಧಾನ,
ಮೊದಲು ಅವರ ಕೊಂಕಣಿಯಲ್ಲಿ ಗೊಣಗಾಗಿ,
ಆಮೇಲೆ ನನಗಾಗಿ ಕನ್ನಡವಾಗಿ,
ಅಲ್ಲಿಂದ, ಯಾರಿಗೂ ಕೇಳದ ಹಾಗೆ, ನನ್ನೊಳಗೆ ತಕ್ಕಾಗಿ.
ಇಷ್ಟು ಕಡವು ದಾಟಿಯೂ ಆ ಸಾವು ಒದ್ದೆಯಾಗಿರಲಿಲ್ಲ.
ಹುಡುಗಿ. ಆರು ವರ್ಷ. ಜ್ವರ.
ಸಿಲ್ವರ್ ಓಕಿನ ಕಾಂಡಕ್ಕೆ ಅವಳ ಎತ್ತರ ಗೀರಿದ್ದನಂತೆ,
ಮರ ಮುಗಿಲಿಗೆ ಹೋಯಿತು, ಗೀರು ಹೋಗಲಿಲ್ಲ.
ಇನ್ನೊಂದರಲ್ಲಿ ಸತ್ತವರನ್ನು ದಾಟಿಸುವ ಅಂಬಿಗನಿಗೆ ಹೇಳುತ್ತಾನೆ:
ಅವಳಿಗೆ ನೀರೆಂದರೆ ಹೆದರಿಕೆ,
ನಡುವೆ ಕೂರಿಸಪ್ಪಾ.

ಅದೇ ದಿನದ ಎಡಪುಟ ನೋಡಿದೆ.
ಮಳೆ ಇಲ್ಲ.

ಇಪ್ಪತ್ತಾರು ಪದ್ಯ, ಒಂದರಲ್ಲೂ ಹೆಸರಿಲ್ಲ.
ಯಾಕೆ ಫಾದರ್?
ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿದರು.
"ಈ ವೃತ್ತದಲ್ಲಿ ಎರಡು ಗುರುಗಳ ನಡುವೆ
ಲಘು ಒಂಟಿಯಾಗಿ ನಿಲ್ಲುವ ಹಾಗಿಲ್ಲ, ಜೊತೆ ಬೇಕು.
ಸೆಮಿನರಿಯಲ್ಲಿ ಈ ತಪ್ಪಿಗೇ ನನಗೆ ಬೆತ್ತ ಬಿದ್ದಿದೆ."

ಆಗ ಕೊನೇ ಹಾಳೆ ತೆಗೆದೆವು.
ಯಾವ ಮುನ್ಶಿ ತಿದ್ದಿಸಿದ್ದನೋ,
ಮಗ್ಗುಲಿಗೆ ವಾಲಿದ ದಪ್ಪ ಕನ್ನಡ.
ಮೊದಲ ಸಲ 'ಮೇರಿಯನ' ಎಂದು ಬರೆದು ಬಿಟ್ಟಿದ್ದಾನೆ,
ಷಷ್ಠೀ ವಿಭಕ್ತಿಯ ಹಾಗೆ,
ಮುಂದೆ ಏನೋ ಬರಲಿಕ್ಕಿದೆ ಎಂಬ ಹಾಗೆ.
ಕೆಳಗೆ ಮತ್ತೆ, ಉಸಿರು ಹಿಡಿದು ಬರೆದಂತೆ,
ಅರ್ಧಾಕ್ಷರದಲ್ಲಿ ನಿಲ್ಲಿಸಿ:
ಮೇರಿಯನ್.
ನೆತ್ತಿಗೆ ಅದೇ ಪೆನ್ಸಿಲ್ಲು.
ಗೀಟು, ಬಟ್ಟಲು, ಗೀಟು.

ರಗಣ, ಎಂದೆ. ದನಿ ಸರಿಯಾಗಿ ಬರಲಿಲ್ಲ.
ಯಮಾತಾರಾಜಭಾನಸಲಗಂ ಎಂದು ಹುಡುಗರು ಬೆಂಚು ಬಡಿಯುತ್ತಾರಲ್ಲ,
ಅದರ ಮಧ್ಯದಲ್ಲೇ ಇದೆ ಈ ಕೂಸಿಗೆ ಜಾಗ.
ಸಂಬಳದ ಪಾಠ, ಬೇಸಗೆಯ ಮಧ್ಯಾಹ್ನ,
ಮುನ್ಶಿ ಆಕಳಿಸುತ್ತಾ ಗಣ ಹೇಳಿಕೊಟ್ಟಿರಬೇಕು,
ದೊರೆ ತಟ್ಟನೆ ತಲೆ ಎತ್ತಿರಬೇಕು.

ಅವ್ವ ಹೋದಾಗ ಪತ್ರಿಕೆಗೆ ನಾನು ಕೊಟ್ಟ
ನಾಲ್ಕು ಸಾಲೂ ಕನ್ನಡದಲ್ಲಿದ್ದವು.
ಬಳಗದವರು ಬೇಜಾರು ಮಾಡಿಕೊಂಡರು.
ಹೇಗೆ ಹೇಳಲಿ, ತಕ್ಕಿನಲ್ಲಿ ಬರೆಯ ಕೂತರೆ
ಅವಳೇ ಬಂದು ಬಾಗಿಲಲ್ಲಿ ನಿಂತು
ಊಟ ಆಯಿತಾ ಎನ್ನುತ್ತಿದ್ದಳು.

"ಬೇರೆ ತಪ್ಪೇನಾದರೂ ಇದೆಯಾ?" ಫಾದರ್ ಕೇಳಿದರು.
ಇದೆ. ರಿ ಅಕ್ಷರದ ಗುಡಿಸು ಉಲ್ಟಾ ತಿರುಗಿದೆ.
ಚೀಲದಲ್ಲಿ ಕೆಂಪು ಪೆನ್ನಿತ್ತು, ಕೈ ಅಲ್ಲಿವರೆಗೂ ಹೋಯಿತು,
ಅಭ್ಯಾಸ.
ಗೋಣಿಕೊಪ್ಪದ ಬಸ್ಸು ಹಾರ್ನ್ ಮಾಡುತ್ತಿತ್ತು.
ಇನ್ನೊಂದು ಕಿತ್ತಳೆ ಕೊಟ್ಟರು, ದಾರಿಗೆ.